ಕೋಸು ನೆಡುವ ಮುನ್ನ ಹಿತ್ತಲ ಮಣ್ಣನ್ನು ಅರಿಯಿರಿ

ಸುಣ್ಣ ಹಾಕಬೇಕೋ ಬೇಡವೋ? ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಉತ್ತರ ಮನೆಯಿಂದ ಮನೆಗೆ ಬೇರೆ

ಬೆಂಗಳೂರು: ಮಳೆಗಾಲ ಮುಗಿದು ಚಳಿ ಆರಂಭವಾಗುತ್ತಿದ್ದಂತೆ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿಟಿಎಂ ಬಡಾವಣೆಗಳ ಹಿತ್ತಲು, ತಾರಸಿಗಳಲ್ಲಿ ಎಲೆಕೋಸು, ಹೂಕೋಸು, ನವಿಲುಕೋಸಿನ ಸಸಿಗಳು ಕಾಣಿಸಿಕೊಳ್ಳುತ್ತವೆ. ಎರಡು ತಿಂಗಳ ಬಳಿಕ ಕೆಲವರ ಮನೆಯಲ್ಲಿ ಗಟ್ಟಿಯಾದ ಕೋಸು ಕೈಸೇರಿದರೆ, ಇನ್ನು ಕೆಲವರಿಗೆ ಸಿಗುವುದು ಅಗಲವಾದ ಎಲೆಗಳು ಮಾತ್ರ. ಹೂಕೋಸಿನ ಹೂ ಗುಂಡಿಯಷ್ಟೇ ಬೆಳೆದು ನಿಂತುಬಿಡುತ್ತದೆ. ನವಿಲುಕೋಸಿನ ಗೆಡ್ಡೆ ಸೀಳಿ ನಾರಾಗುತ್ತದೆ. ಆಗ ದೂರು ಬರುವುದು ಬೀಜದ ಮೇಲೆ, ಇಲ್ಲವೇ ಹವಾಮಾನದ ಮೇಲೆ. ಆದರೆ ಬಹುತೇಕ ಸಂದರ್ಭಗಳಲ್ಲಿ ತಪ್ಪು ಇರುವುದು ಮಣ್ಣಿನಲ್ಲಿ, ಅದರಲ್ಲೂ ಸಸಿ ನೆಡುವ ಮುಂಚಿನ ಆರು ವಾರಗಳಲ್ಲಿ ಮಾಡಿದ ಅಥವಾ ಮಾಡದೇ ಬಿಟ್ಟ ಕೆಲಸದಲ್ಲಿ.

ಕೋಸಿನ ಬೆಳೆಗೆ ಮಣ್ಣು ಸಿದ್ಧಪಡಿಸುವ ಬಗ್ಗೆ ತೋಟಗಾರಿಕೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ಮೊದಲ ಸಲಹೆ 'ಸುಣ್ಣ ಬೆರೆಸಿ' ಎಂಬುದು. ಬೆಂಗಳೂರಿನ ಸ್ವಾಭಾವಿಕ ಕೆಂಪು ಮಣ್ಣಿಗೆ ಈ ಸಲಹೆ ಹಲವೆಡೆ ಸರಿ. ಆದರೆ ನಗರದ ನಿವೇಶನದೊಳಗಿನ ಮಣ್ಣು ಆ ಸ್ವಾಭಾವಿಕ ಮಣ್ಣೇ ಆಗಿರಬೇಕೆಂದಿಲ್ಲ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಗಾರೆ, ಇಟ್ಟಿಗೆ ಚೂರು ಅದರಲ್ಲಿ ಬೆರೆತಿದ್ದರೆ ಅಲ್ಲಿ ಸುಣ್ಣ ಆಗಲೇ ಅಗತ್ಯಕ್ಕಿಂತ ಹೆಚ್ಚಿರುತ್ತದೆ. ಅಂಥ ಮಣ್ಣಿಗೆ ಮತ್ತೆ ಸುಣ್ಣ ಸುರಿದರೆ ಬೆಳೆ ಸುಧಾರಿಸುವ ಬದಲು ಕೆಡುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಉಪಚಾರ ಎಂಬುದೇ ಇಲ್ಲಿನ ಮುಖ್ಯ ನಿಯಮ.

ಕೋಸಿನ ಕುಟುಂಬದ ಬೇಡಿಕೆ

ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ ಈ ನಾಲ್ಕೂ ಒಂದೇ ಜಾತಿಯ ಸಸ್ಯದ ಬೇರೆ ಬೇರೆ ರೂಪಗಳು. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಹೂಗೊಂಚಲು, ಮತ್ತೊಂದರಲ್ಲಿ ಕಾಂಡ ಉಬ್ಬಿ ನಮ್ಮ ಆಹಾರವಾಗುತ್ತದೆ. ಸಾಸಿವೆ ಮತ್ತು ಮೂಲಂಗಿಯೂ ಇದೇ ಕುಟುಂಬಕ್ಕೆ ಸೇರಿದವು. 19ನೇ ಶತಮಾನದಲ್ಲಿ ದಂಡು ಪ್ರದೇಶದ ಬ್ರಿಟಿಷರ ಬೇಡಿಕೆಯಿಂದಾಗಿ 'ಇಂಗ್ಲಿಷ್ ತರಕಾರಿ' ಎಂಬ ಹೆಸರಿನಲ್ಲಿ ಇವು ಬೆಂಗಳೂರಿನ ಸುತ್ತ ವ್ಯಾಪಕವಾಗಿ ಬೆಳೆಯತೊಡಗಿದವು. ಲಾಲ್‌ಬಾಗ್ ಸಸ್ಯೋದ್ಯಾನ ಹೊಸ ತಳಿಗಳನ್ನು ಪರಿಚಯಿಸಿತು. ತೋಟಗಾರಿಕೆಯಲ್ಲಿ ಹೆಸರಾದ ತಿಗಳ ಸಮುದಾಯದವರು ಹೂವು, ತರಕಾರಿಗಳನ್ನು ಬೆಳೆದು ನಗರಕ್ಕೆ ಒದಗಿಸಿದರು. ಇಂದು ನವಿಲುಕೋಸಿನ ಹುಳಿ ದಕ್ಷಿಣ ಬೆಂಗಳೂರಿನ ಮನೆಗಳ ನಿತ್ಯದ ಅಡುಗೆ.

ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಗರದ ತಂಪು ಹವೆ ಈ ಬೆಳೆಗಳಿಗೆ ಹೊಂದುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 15-16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದರಿಂದ ಹೂಕೋಸಿಗೂ ಅನುಕೂಲ. ಹವೆ ಒಪ್ಪಿದ ಮೇಲೆ ಉಳಿಯುವುದು ಮಣ್ಣಿನ ಪ್ರಶ್ನೆ.

ಕೋಸುಗಳ ಬೇಡಿಕೆ ಮುಖ್ಯವಾಗಿ ನಾಲ್ಕು. ಮೊದಲನೆಯದು ರಸಸಾರ, ಅಂದರೆ ಪಿಎಚ್ ಮಟ್ಟ 6ರಿಂದ 7ರ ನಡುವೆ ಇರಬೇಕು. ಎರಡನೆಯದು ಧಾರಾಳವಾದ ಸಾವಯವ ಪದಾರ್ಥ. ಇವು ಹೆಚ್ಚು ಗೊಬ್ಬರ ಉಣ್ಣುವ ಬೆಳೆಗಳು. ಮೂರನೆಯದು ಒಂದೇ ಸಮನೆ ಇರುವ ತೇವ. ಒಣಗಿ ನೆನೆದು, ಮತ್ತೆ ಒಣಗಿ ನೆನೆಯುವ ಮಣ್ಣಿನಲ್ಲಿ ಕೋಸು ಸೀಳುತ್ತದೆ. ನಾಲ್ಕನೆಯದು ಬೇರಿಗೆ ಗಟ್ಟಿ ಆಸರೆ ನೀಡುವ, ಆದರೆ ನೀರು ನಿಲ್ಲದ ಮಣ್ಣು. ಟೊಮೆಟೊಗೆ ಬೇಕಾದಷ್ಟು ಸಡಿಲವಾದ ಮಣ್ಣು ಎಲೆಕೋಸಿಗೆ ಬೇಡ. ಗಿಡದ ಬುಡ ಅಲುಗಾಡುತ್ತಿದ್ದರೆ ತಲೆ ಗಟ್ಟಿಯಾಗುವುದಿಲ್ಲ.

ಕೆಮ್ಮಣ್ಣಿನ ಗುಣಾವಗುಣ

ಲಾಲ್‌ಬಾಗ್‌ನ ಬಂಡೆಯನ್ನು ನೋಡಿದವರಿಗೆ ಬೆಂಗಳೂರಿನ ಮಣ್ಣಿನ ಮೂಲ ಹೇಳಬೇಕಾಗಿಲ್ಲ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಈ ನೈಸ್ ಶಿಲೆ ಮತ್ತು ಅದರ ಜೊತೆಗಿರುವ ಗ್ರಾನೈಟು ಶಿಥಿಲಗೊಂಡು ನಮ್ಮ ಕೆಂಪು ಮಣ್ಣು ಉಂಟಾಗಿದೆ. ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಮಳೆನೀರು ದೀರ್ಘಕಾಲ ಬಸಿದು ಹೋಗಿರುವುದರಿಂದ ಸುಣ್ಣದಂಶ ತೊಳೆದುಹೋಗಿ ಮಣ್ಣು ಸಾಧಾರಣವಾಗಿ ಆಮ್ಲೀಯವಾಗಿರುತ್ತದೆ. ಸಾವಯವ ಇಂಗಾಲ ಮತ್ತು ಸಾರಜನಕ ಕಡಿಮೆ. ರಂಜಕ ಹಾಕಿದರೂ ಅದರ ಒಂದು ಭಾಗವನ್ನು ಕಬ್ಬಿಣದ ಆಕ್ಸೈಡು ಹಿಡಿದಿಟ್ಟುಕೊಳ್ಳುತ್ತದೆ. ಸತು ಮತ್ತು ಬೋರಾನ್ ಕೊರತೆಯೂ ಸಾಮಾನ್ಯ.

ಇದೇ ಮಣ್ಣಿಗೆ ಒಳ್ಳೆಯ ಗುಣಗಳೂ ಇವೆ. ನೀರು ಬೇಗ ಬಸಿಯುತ್ತದೆ, ಅಗೆಯಲು ಸುಲಭ, ಗೊಬ್ಬರ ಕೊಟ್ಟರೆ ಬೇಗ ಸ್ಪಂದಿಸುತ್ತದೆ. ಆದರೆ ಬರಿಯ ಕೆಮ್ಮಣ್ಣಿನ ಮೇಲೆ ಜೋರು ಮಳೆ ಬಿದ್ದು ಬಿಸಿಲು ಹೊಡೆದರೆ ಮೇಲ್ಪದರ ಹೆಪ್ಪುಗಟ್ಟಿ ಗಾರೆಯಂತಾಗುತ್ತದೆ. ಇದಕ್ಕೆ ಪರಿಹಾರ ಸಾವಯವ ಗೊಬ್ಬರ ಮತ್ತು ಹೊದಿಕೆಯೇ ಹೊರತು ಮರಳಲ್ಲ.

ಬಡಾವಣೆಯ ಮಣ್ಣು ಬೇರೆ

ಮೇಲೆ ಹೇಳಿದ್ದು ಹೊಲದ ಮಣ್ಣಿನ ವಿಚಾರ. ಬಡಾವಣೆಯೊಳಗೆ ಚಿತ್ರ ಬದಲಾಗುತ್ತದೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿ ಹಳೆಯ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದು ಕಳೆದ ಕೆಲವು ದಶಕಗಳಿಂದ ನಡೆಯುತ್ತಿದೆ. ಕೆಡವಿದ ಗಾರೆ, ಸುಣ್ಣದ ಸಾರಣೆಯ ಚೂರುಗಳು ಅಲ್ಲಲ್ಲಿ ನೆಲದೊಳಗೇ ಉಳಿದಿವೆ. ರಾಗಿಗುಡ್ಡದ ಸುತ್ತ ಹಾಗೂ ಬನಶಂಕರಿಯ ದಿಣ್ಣೆಗಳಲ್ಲಿ ಬಂಡೆ ಮೇಲಕ್ಕೇ ಇದ್ದು, ತೆಳುವಾದ ಗರಸು ಮಣ್ಣು ಸಿಗುತ್ತದೆ. ಬಿಟಿಎಂ ಎಂಬ ಹೆಸರೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿಂದ ಬಂದದ್ದು. ಕೆರೆ ಮತ್ತು ಗದ್ದೆಯ ತಗ್ಗಿದ್ದ ಜಾಗಗಳಲ್ಲಿ ಕೆಳಗೆ ಜೇಡಿ, ಮೇಲೆ ಹೊರಗಿನಿಂದ ತಂದು ತುಂಬಿದ ಮಣ್ಣು ಇರುವುದುಂಟು. ಜೆ.ಪಿ. ನಗರದಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳ ಆಸುಪಾಸಿನಲ್ಲೂ ಇದೇ ಸಾಧ್ಯತೆ.

ಹೀಗಾಗಿ ಒಂದೇ ರಸ್ತೆಯ ಎರಡು ಮನೆಗಳಲ್ಲಿ ಒಂದರ ಮಣ್ಣು ಆಮ್ಲೀಯ, ಮತ್ತೊಂದರದು ಕ್ಷಾರೀಯ ಆಗಿರಬಹುದು. ಪಕ್ಕದ ಮನೆಯವರು ಸುಣ್ಣ ಹಾಕಿ ಒಳ್ಳೆಯ ಕೋಸು ಬೆಳೆದರೆಂಬ ಕಾರಣಕ್ಕೆ ನಾವೂ ಹಾಕುವುದು ಸರಿಯಲ್ಲ.

ಮನೆಯಲ್ಲೇ ಮೂರು ಪರೀಕ್ಷೆ

ಖರ್ಚಿಲ್ಲದೆ ಒಂದು ದಿನದಲ್ಲಿ ಮಾಡಬಹುದಾದ ಮೂರು ಪರೀಕ್ಷೆಗಳಿವೆ.

ಗುಂಡಿ ಪರೀಕ್ಷೆ: ಮಡಿ ಮಾಡಬೇಕೆಂದಿರುವ ಜಾಗದಲ್ಲಿ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಇಟ್ಟಿಗೆ, ಗಾರೆ, ಟೈಲ್ಸ್ ಚೂರು, ಪ್ಲಾಸ್ಟಿಕ್ ಎಷ್ಟು ಬರುತ್ತದೆ ನೋಡಿ. ನಂತರ ಗುಂಡಿಯ ತುಂಬ ನೀರು ಹಾಕಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೇ ಸಲದ ನೀರು ಕೆಲವು ಗಂಟೆಗಳಲ್ಲಿ ಇಂಗಿದರೆ ಬಸಿಗಾಲು ಚೆನ್ನಾಗಿದೆ. ಮರುದಿನವೂ ನಿಂತಿದ್ದರೆ ಕೆಳಗೆ ಜೇಡಿಯೋ ಕಾಂಕ್ರೀಟೋ ಇದೆ ಎಂದರ್ಥ. ಅಲ್ಲಿ ನೆಲದಿಂದ ಮೇಲಕ್ಕೆ ಏರು ಮಡಿ ಕಟ್ಟುವುದೇ ದಾರಿ.

ಶೀಶೆ ಪರೀಕ್ಷೆ: ಗಾಜಿನ ಶೀಶೆಯಲ್ಲಿ ಮೂರನೇ ಒಂದು ಭಾಗ ಮಣ್ಣು ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಮರಳು, ಅದರ ಮೇಲೆ ಗೋಡು, ಮೇಲೆ ಜೇಡಿ ಪದರಗಳಾಗಿ ಕೂರುತ್ತವೆ. ಮುಕ್ಕಾಲು ಭಾಗ ಮರಳೇ ಇದ್ದರೆ ಗೊಬ್ಬರವನ್ನು ಹೆಚ್ಚು ಕೊಡಬೇಕು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಬೇಕು.

ವಿನಿಗರ್ ಪರೀಕ್ಷೆ: ಎರಡು ಚಮಚ ಒಣ ಮಣ್ಣಿನ ಮೇಲೆ ಅಡುಗೆಮನೆಯ ವಿನಿಗರ್ ಸುರಿಯಿರಿ. ಬುರುಬುರು ಗುಳ್ಳೆ ಎದ್ದರೆ ಮಣ್ಣಿನಲ್ಲಿ ಬಿಡಿ ಸುಣ್ಣವಿದೆ. ಅಂಥ ಮಣ್ಣಿಗೆ ಸುಣ್ಣವಾಗಲಿ ಬೂದಿಯಾಗಲಿ ಸೇರಿಸಲೇಬಾರದು. ಗುಳ್ಳೆ ಬಾರದಿದ್ದರೆ ಮಣ್ಣು ಆಮ್ಲೀಯವೆಂದು ಖಚಿತವಾಗುವುದಿಲ್ಲ. ಬಿಡಿ ಸುಣ್ಣವಿಲ್ಲ ಎಂದಷ್ಟೇ ತಿಳಿಯುತ್ತದೆ.

ಖಚಿತ ಉತ್ತರಕ್ಕೆ ಪ್ರಯೋಗಾಲಯವೇ ಬೇಕು. ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಶುಲ್ಕ ಪಡೆದು ಮಣ್ಣು ಪರೀಕ್ಷೆ ಮಾಡಿಕೊಡುವ ವ್ಯವಸ್ಥೆ ಇದೆ. ಮಾದರಿ ತೆಗೆಯುವಾಗ ಮೇಲಿನ ಕಸಕಡ್ಡಿ ಸರಿಸಿ, ಐದಾರು ಕಡೆಗಳಿಂದ 15 ಸೆಂಟಿಮೀಟರ್ ಆಳದವರೆಗಿನ ಮಣ್ಣನ್ನು ಸಂಗ್ರಹಿಸಿ, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋದಷ್ಟು ಕೊಟ್ಟರೆ ಸಾಕು. ಇತ್ತೀಚೆಗೆ ಗೊಬ್ಬರ ಹಾಕಿದ ಜಾಗದಿಂದ ಮಾದರಿ ತೆಗೆಯಬಾರದು. ರಸಸಾರ, ಸಾವಯವ ಇಂಗಾಲ, ಲವಣಾಂಶದ ಜೊತೆ ಬೋರಾನ್ ಮತ್ತು ಸತುವಿನ ಪ್ರಮಾಣವನ್ನೂ ಕೇಳಿ ಪಡೆಯುವುದು ಒಳಿತು.

ಸುಣ್ಣ ಯಾವಾಗ, ಎಷ್ಟು?

ರಸಸಾರ 6ಕ್ಕಿಂತ ಕೆಳಗಿದ್ದರೆ ಮಾತ್ರ ಸುಣ್ಣ ಬೇಕು. ಕೃಷಿ ಸುಣ್ಣ ಅಥವಾ ಡಾಲೊಮೈಟ್ ಪುಡಿ ಬಳಸಬೇಕು. ಡಾಲೊಮೈಟ್‌ನಿಂದ ಮೆಗ್ನೀಷಿಯಂ ಕೂಡ ದೊರೆಯುತ್ತದೆ. ಗೋಡೆಗೆ ಬಳಿಯುವ ಸುಣ್ಣ ತೀಕ್ಷ್ಣ. ಅಳತೆ ತಪ್ಪಿದರೆ ಬೇರನ್ನು ಸುಡುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ರಸಸಾರವನ್ನು ಅರ್ಧ ಅಂಶ ಮೇಲೆತ್ತಲು ಚದರ ಮೀಟರಿಗೆ ಸುಮಾರು 100ರಿಂದ 150 ಗ್ರಾಂ ಸಾಕಾಗುತ್ತದೆ. ಹೆಚ್ಚು ಬೇಕಿದ್ದರೆ ಒಂದೇ ಸಲಕ್ಕೆ ಹಾಕದೆ ಮುಂದಿನ ಹಂಗಾಮಿಗೆ ಉಳಿಸಬೇಕು. ಸಸಿ ನೆಡುವುದಕ್ಕೆ ಆರು ವಾರ ಇರುವಾಗಲೇ ಹಾಕಿ ಮಣ್ಣಿನಲ್ಲಿ ಚೆನ್ನಾಗಿ ಬೆರೆಸಿ ನೀರು ಕೊಡಬೇಕು. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರವನ್ನು ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಎರಡರ ನಡುವೆ ಎರಡು ವಾರದ ಅಂತರವಿರಲಿ.

ರಸಸಾರ 7.5ಕ್ಕಿಂತ ಹೆಚ್ಚಿದ್ದರೆ ಕೆಲಸ ಬೇರೆಯೇ. ಮೊದಲು ಗಾರೆ, ಸಿಮೆಂಟು ಚೂರುಗಳನ್ನು ಆರಿಸಿ ತೆಗೆಯಬೇಕು. ನಂತರ ಕೊಳೆತ ಎಲೆ ಗೊಬ್ಬರವನ್ನು ಧಾರಾಳವಾಗಿ ಸೇರಿಸಬೇಕು. ಗಂಧಕದ ಪುಡಿ ರಸಸಾರವನ್ನು ಇಳಿಸುತ್ತದೆಯಾದರೂ ಅದಕ್ಕೆ ತಿಂಗಳುಗಳೇ ಬೇಕು. ವಿನಿಗರ್ ಹಾಕಿದಾಗ ಜೋರಾಗಿ ಗುಳ್ಳೆ ಬರುವ ಮಣ್ಣಿಗೆ ಗಂಧಕ ಸುರಿಯುವುದು ಹಣ ಪೋಲು. ಆ ಮಣ್ಣನ್ನು ಬಿಟ್ಟು ಅದರ ಮೇಲೆ ಒಂದಡಿ ಎತ್ತರದ ಏರು ಮಡಿಯನ್ನು ಹೊಸ ಮಣ್ಣಿನಲ್ಲಿ ಕಟ್ಟುವುದು ಅಗ್ಗ. ಜಿಪ್ಸಂ ಹಾಕಿದರೆ ರಸಸಾರ ಇಳಿಯುತ್ತದೆ ಎಂಬ ಮಾತು ಇಂಥ ಮಣ್ಣಿಗೆ ಅನ್ವಯಿಸುವುದಿಲ್ಲ. ರಸಸಾರ ಸರಿಯಾಗಿದ್ದು ಕ್ಯಾಲ್ಸಿಯಂ, ಗಂಧಕ ಮಾತ್ರ ಬೇಕಾದಾಗ ಜಿಪ್ಸಂ ಉಪಯುಕ್ತ.

ಬೋರಾನ್ ಎಂಬ ಚಿಟಿಕೆ

ಹೆಚ್ಚು ಸುಣ್ಣ ಏಕೆ ಅಪಾಯ ಎಂಬುದಕ್ಕೆ ಬೋರಾನ್ ಒಳ್ಳೆಯ ಉದಾಹರಣೆ. ಹೂಕೋಸಿನ ಕಾಂಡವನ್ನು ಸೀಳಿದಾಗ ಒಳಗೆ ಟೊಳ್ಳಾಗಿದ್ದು ಕಂದು ಬಣ್ಣಕ್ಕೆ ತಿರುಗಿದ್ದರೆ, ಹೂವಿನ ಮೇಲೆ ಕಂದು ಕಲೆಗಳಿದ್ದರೆ ಅದು ಬೋರಾನ್ ಕೊರತೆಯ ಲಕ್ಷಣ. ಬೆಂಗಳೂರಿನ ಮಣ್ಣಿನಲ್ಲಿ ಬೋರಾನ್ ಮೊದಲೇ ಕಡಿಮೆ. ಮಣ್ಣು ಕ್ಷಾರೀಯವಾದಷ್ಟೂ ಇದ್ದ ಬೋರಾನ್ ಕೂಡ ಗಿಡಕ್ಕೆ ದಕ್ಕುವುದಿಲ್ಲ. ಸತು, ಕಬ್ಬಿಣ, ಮ್ಯಾಂಗನೀಸ್‌ಗಳ ಕಥೆಯೂ ಇದೇ. ಅಗತ್ಯವಿಲ್ಲದೆ ಹಾಕಿದ ಸುಣ್ಣ ಹೀಗೆ ಹೊಸ ರೋಗವನ್ನು ತಂದೊಡ್ಡುತ್ತದೆ.

ಇನ್ನೊಂದು ತುದಿಯಲ್ಲಿ ಮಾಲಿಬ್ಡಿನಂ ಇದೆ. ರಸಸಾರ 5.5ಕ್ಕಿಂತ ಕೆಳಗಿಳಿದ ಆಮ್ಲೀಯ ಮಣ್ಣಿನಲ್ಲಿ ಇದು ದೊರೆಯದೆ ಹೂಕೋಸಿನ ಎಲೆಗಳು ಅಗಲವಾಗದೆ ಚಾಟಿಯಂತೆ ಸಣ್ಣಗೆ ಉದ್ದವಾಗುತ್ತವೆ. ಅಲ್ಲಿ ಸುಣ್ಣವೇ ಔಷಧ. ಒಂದೇ ಬೆಳೆಯ ಎರಡು ತೊಂದರೆಗಳಿಗೆ ಪರಸ್ಪರ ವಿರುದ್ಧವಾದ ಉಪಚಾರ ಬೇಕಾಗುವುದರಿಂದಲೇ ಪರೀಕ್ಷೆಗೆ ಇಷ್ಟು ಮಹತ್ವ.

ಬೋರಾನ್ ಕೊರತೆ ಖಚಿತವಾದರೆ ಚದರ ಮೀಟರಿಗೆ ಒಂದು ಗ್ರಾಂ ಬೋರಾಕ್ಸ್ ಅನ್ನು ನೀರಿನಲ್ಲಿ ಕರಗಿಸಿ ಮಡಿಗೆ ಹಾಕಿದರೆ ಸಾಕು. ಚಮಚಗಟ್ಟಲೆ ಹಾಕಿದರೆ ಅದೇ ವಿಷ. ಮುಂದೆ ಅಲ್ಲಿ ಹುರುಳಿಕಾಯಿ ಬೆಳೆದರೆ ಎಲೆಯ ಅಂಚು ಸುಡುತ್ತದೆ. ಅಳತೆಯ ಗೊಂದಲ ಬೇಡವೆನ್ನುವವರು ಹೆಸರಘಟ್ಟದ ಸಂಸ್ಥೆ ರೂಪಿಸಿರುವ 'ಅರ್ಕಾ ವೆಜಿಟಬಲ್ ಸ್ಪೆಷಲ್' ಎಂಬ ಲಘು ಪೋಷಕಾಂಶಗಳ ಮಿಶ್ರಣವನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಎಲೆಗಳಿಗೆ ಸಿಂಪಡಿಸಬಹುದು.

ಗೊಬ್ಬರ: ಎಲ್ಲಿಂದ, ಎಷ್ಟು?

ಕೋಸಿನ ಬೆಳೆಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ರೈತರಿಗೆ ನೀಡುವ ಸಾಮಾನ್ಯ ಶಿಫಾರಸು. ಹಿತ್ತಲಿನ ಲೆಕ್ಕಕ್ಕೆ ಇಳಿಸಿದರೆ ಚದರ ಮೀಟರಿಗೆ ಎರಡೂವರೆ ಕಿಲೋ, ಹತ್ತಡಿ ಉದ್ದ ಹತ್ತಡಿ ಅಗಲದ ಮಡಿಗೆ ಸುಮಾರು 23 ಕಿಲೋ. ಮೊದಲ ಸಲ ತೋಟ ಮಾಡುವ ಬಡ ಮಣ್ಣಿಗೆ ಇದರ ಎರಡರಷ್ಟು ಹಾಕಿದರೂ ಹೆಚ್ಚಲ್ಲ. ಗೊಬ್ಬರ ಮಾತ್ರ ಪೂರ್ತಿ ಕಳಿತಿರಬೇಕು. ಹಸಿ ಸಗಣಿ, ಅರೆಕೊಳೆತ ಅಡುಗೆ ಕಸ ಮಣ್ಣಿನ ಸಾರಜನಕವನ್ನೇ ಕಬಳಿಸುತ್ತದೆ, ಗೊಣ್ಣೆಹುಳುವನ್ನೂ ತರುತ್ತದೆ. ಕಳಿತ ಗೊಬ್ಬರ ಕಪ್ಪಗೆ ಪುಡಿಯಾಗಿದ್ದು ಮಳೆ ಬಿದ್ದ ಮಣ್ಣಿನ ವಾಸನೆ ಬೀರುತ್ತದೆ.

ಗೊಬ್ಬರವನ್ನು ದೂರದಿಂದ ತರಬೇಕೆಂದೇನೂ ಇಲ್ಲ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆದೇಶದಂತೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಕಡ್ಡಾಯವಾದ ಬಳಿಕ ಹಸಿ ಕಸವನ್ನು ಬೇರ್ಪಡಿಸುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಬೇರ್ಪಡಿಸಿದ ಆ ಕಸವನ್ನು ಒಣ ಎಲೆಯೊಂದಿಗೆ ಪದರ ಪದರವಾಗಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಇದನ್ನು ಕಣ್ಣಾರೆ ನೋಡಿ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರವಿದೆ. ಒಣ ಎಲೆಗೂ ದಕ್ಷಿಣ ಬೆಂಗಳೂರಿನಲ್ಲಿ ಬರವಿಲ್ಲ. ಬೇಸಿಗೆಗೆ ಮುನ್ನ ಬೀದಿಬದಿಯ ಹೊಂಗೆ ಮರಗಳು ಉದುರಿಸುವ ಎಲೆ ಸುಟ್ಟರೆ ಹೊಗೆ, ಕೊಳೆಸಿದರೆ ಗೊಬ್ಬರ. ಹೊಂಗೆ ಸೊಪ್ಪನ್ನು ಹಸಿರೆಲೆ ಗೊಬ್ಬರವಾಗಿ ಬಳಸುವುದು ನಮ್ಮ ರೈತರ ಹಳೆಯ ಪದ್ಧತಿ.

ಗೊಬ್ಬರದ ಜೊತೆಗೆ ಚದರ ಮೀಟರಿಗೆ 100 ಗ್ರಾಂ ಬೇವಿನ ಅಥವಾ ಹೊಂಗೆ ಹಿಂಡಿ ಬೆರೆಸಿದರೆ ನಿಧಾನವಾಗಿ ಸಾರಜನಕ ಒದಗುತ್ತದೆ, ಬೇರುಗಂಟು ಹುಳುವಿನ ಬಾಧೆಯೂ ಕಡಿಮೆಯಾಗುತ್ತದೆ. ಟ್ರೈಕೋಡರ್ಮಾ ಪುಡಿಯನ್ನು 100 ಕಿಲೋ ಗೊಬ್ಬರಕ್ಕೆ ಒಂದು ಕಿಲೋದಂತೆ ಬೆರೆಸಿ, ತೇವವಾಗಿ ಎರಡು ವಾರ ನೆರಳಲ್ಲಿಟ್ಟು ಬಳಸಿದರೆ ಸಸಿ ಕೊಳೆಯುವುದು ತಗ್ಗುತ್ತದೆ. ನೆಟ್ಟ ಮೂರು ವಾರದ ನಂತರ ಕಡಲೆಕಾಯಿ ಹಿಂಡಿಯನ್ನು ಎರಡು ದಿನ ನೆನೆಸಿ ತೆಗೆದ ನೀರನ್ನು ಹತ್ತು ಪಟ್ಟು ತೆಳುಗೊಳಿಸಿ 15 ದಿನಕ್ಕೊಮ್ಮೆ ಬುಡಕ್ಕೆ ಕೊಡಬಹುದು. ಸಾರಜನಕ ಅತಿಯಾದರೆ ಎಲೆ ಮೆದುವಾಗಿ ಹೇನು ಮುತ್ತುತ್ತದೆ ಎಂಬುದು ನೆನಪಿರಲಿ.

ತಟ್ಟೆಗೆ ಬರುವುದು ಮಣ್ಣಿನಲ್ಲಿದ್ದದ್ದೇ

ಮನೆಯಲ್ಲೇ ತರಕಾರಿ ಬೆಳೆಯುವ ಹಂಬಲದ ಹಿಂದೆ ಆರೋಗ್ಯದ ಕಾಳಜಿ ಇದೆ. ಜೆ.ಪಿ. ನಗರದ ದೊರೆಸಾನಿಪಾಳ್ಯ ಅರಣ್ಯ ಆವರಣದಲ್ಲಿರುವ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ ನಗರದ ಅಂಗಡಿಗಳಿಂದ ಸಂಗ್ರಹಿಸಿ ಪರೀಕ್ಷಿಸಿದ ತರಕಾರಿಗಳಲ್ಲಿ ಕೆಲವು ಭಾರ ಲೋಹಗಳು ಮಿತಿಮೀರಿದ್ದು ಕಂಡುಬಂದಿತ್ತೆಂದು 2023ರಲ್ಲಿ ವರದಿಯಾಯಿತು. ಕೊಳಚೆ ನೀರಿನಿಂದ ಬೆಳೆದಿರುವುದು ಇದಕ್ಕೆ ಕಾರಣವಿರಬಹುದೆಂಬ ಚರ್ಚೆ ಆಗ ನಡೆಯಿತು.

ಆದರೆ ಮನೆಯಲ್ಲಿ ಬೆಳೆದದ್ದು ತಾನಾಗಿಯೇ ಶುದ್ಧ ಎನ್ನುವಂತಿಲ್ಲ. ಸಾಸಿವೆಯ ಕುಟುಂಬದ ಗಿಡಗಳು ಮಣ್ಣಿನಿಂದ ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುವುದರಲ್ಲಿ ಮುಂದು. ಕಲುಷಿತ ಭೂಮಿಯ ಶುದ್ಧೀಕರಣಕ್ಕೆ ಸಾಸಿವೆಯನ್ನು ಬೆಳೆಯುವ ಪ್ರಯೋಗಗಳು ಜಗತ್ತಿನ ಹಲವೆಡೆ ನಡೆದಿರುವುದೂ ಇದೇ ಗುಣದಿಂದ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ 2000ನೇ ಇಸವಿಯಲ್ಲಿ ನಿಂತರೂ, ಅದಕ್ಕೆ ಮುಂಚೆ ಬಿದ್ದ ಸೀಸ ಹಳೆಯ ಮುಖ್ಯರಸ್ತೆಗಳ ಬದಿಯ ಮಣ್ಣಿನಲ್ಲಿ ಉಳಿದಿರಬಲ್ಲದು. ಹಳೆಯ ಬಣ್ಣದ ಚಕ್ಕೆಗಳಲ್ಲೂ ಸೀಸವಿರುತ್ತದೆ.

ಹಿಂದೆ ಕೆರೆಗೋಡು ಹೊಲಕ್ಕೆ ಅಮೃತಸಮಾನವಾಗಿತ್ತು. ಈಗ ಚರಂಡಿ ನೀರು ಸೇರಿದ ನಗರದ ಕೆರೆಗಳ ಹೂಳನ್ನು ತರಕಾರಿ ತೋಟಕ್ಕೆ ತರುವುದು ಬೇಡ. ಮುಖ್ಯರಸ್ತೆಗೆ ತಾಗಿದ ಕಾಂಪೌಂಡಿನ ಬದಿ, ಗ್ಯಾರೇಜು ಇದ್ದ ಜಾಗ, ಕಸ ಸುಡುತ್ತಿದ್ದ ಮೂಲೆ ಇವುಗಳಲ್ಲಿ ಕೋಸಿನ ಬದಲು ಹೂಗಿಡ ಬೆಳೆಯುವುದು ಕ್ಷೇಮ. ಮೂಲ ಗೊತ್ತಿಲ್ಲದ ಲೋಡು ಮಣ್ಣನ್ನು ಕೊಳ್ಳುವಾಗಲೂ ಎಚ್ಚರ ಬೇಕು. ರಸಸಾರವನ್ನು 6.5ರ ಆಸುಪಾಸಿನಲ್ಲಿಟ್ಟು ಸಾವಯವ ಪದಾರ್ಥ ಹೆಚ್ಚಿಸಿದರೆ ಗಿಡ ಲೋಹ ಹೀರುವುದು ಕಡಿಮೆಯಾಗುತ್ತದೆ. ಶಂಕೆ ಇದ್ದರೆ ಭಾರ ಲೋಹದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ.

ನೀರಿನ ಲೆಕ್ಕ

ನೀರಿನ ಅಭಾವ ತೀವ್ರವಾಗಿದ್ದ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಪ್ರಕಟಿಸಿತು. 2025ರ ಫೆಬ್ರುವರಿಯಲ್ಲಿ ಇದೇ ಬಗೆಯ ಆದೇಶ ಮತ್ತೆ ಹೊರಬಿತ್ತು. ಅಕ್ಟೋಬರ್‌ನಲ್ಲಿ ನೆಟ್ಟ ಎಲೆಕೋಸು ಸಂಕ್ರಾಂತಿಯ ವೇಳೆಗೆ ಕಟಾವಿಗೆ ಬರುತ್ತದೆ. ಜನವರಿಯಲ್ಲಿ ನೆಟ್ಟದ್ದು ಬೇಸಿಗೆಯ ನೀರಿನ ಬಿಕ್ಕಟ್ಟಿಗೆ ಸಿಲುಕುತ್ತದೆ. ನೆಡುವ ತಿಂಗಳನ್ನು ಆರಿಸುವಾಗ ಇದನ್ನೂ ಗಮನಿಸಬೇಕು.

ಅಕ್ಕಿ, ತರಕಾರಿ ತೊಳೆದ ನೀರು ಯಾವ ಹಿಂಜರಿಕೆಯಿಲ್ಲದೆ ಬಳಸಬಹುದು. ಮಳೆನೀರು ಎಲ್ಲಕ್ಕಿಂತ ಉತ್ತಮ. ಅದರ ಸಂಗ್ರಹದ ವಿಧಾನಗಳನ್ನು ಜಯನಗರ 5ನೇ ಬ್ಲಾಕಿನ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನದಲ್ಲಿ ನೋಡಬಹುದು. ಕೊಳವೆಬಾವಿಯ ಗಡಸು ನೀರು ಮಣ್ಣಿನ ರಸಸಾರವನ್ನು ನಿಧಾನವಾಗಿ ಮೇಲೇರಿಸುತ್ತದೆ. ಕುಂಡಗಳಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ. ನೀರು ಮೆದುಗೊಳಿಸುವ ಯಂತ್ರದ ನೀರಿನಲ್ಲಿ ಸೋಡಿಯಂ ಇರುತ್ತದೆ, ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಸಾಂದ್ರವಾಗಿರುತ್ತದೆ. ಇವೆರಡೂ ಕೋಸಿನ ಮಡಿಗೆ ಹಿತವಲ್ಲ.

ನೀರು ಉಳಿಸುವ ಅಗ್ಗದ ಉಪಾಯ ಹೊದಿಕೆ. ಒಣ ಎಲೆ, ಒಣಹುಲ್ಲು, ತೆಂಗಿನ ನಾರು, ಕಡಲೆಕಾಯಿ ಸಿಪ್ಪೆ ಯಾವುದಾದರೂ ಸರಿ, ಎರಡು ಅಂಗುಲ ದಪ್ಪಕ್ಕೆ ಹಾಸಿ, ಗಿಡದ ಬುಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಬೇಕು. ಬಸವನಗುಡಿಯ ಪರಿಷೆ ನಡೆಯುವ ಕಾರ್ತಿಕದಲ್ಲಿ ಕಡಲೆಕಾಯಿ ಸಿಪ್ಪೆ ಮನೆಮನೆಯಲ್ಲೂ ಸಿಗುವಂಥದ್ದು. ಉಪ್ಪು ಹಾಕಿ ಬೇಯಿಸಿದ ಕಾಯಿಯ ಸಿಪ್ಪೆ ಮಾತ್ರ ಬೇಡ.

ತಾರಸಿಯಲ್ಲಿ ತೂಕದ ಎಚ್ಚರಿಕೆ

ಹಿತ್ತಲಿಲ್ಲದ ಮನೆಗಳಿಗೆ ತಾರಸಿಯೇ ತೋಟ. ನಗರದಲ್ಲಿ ತಾರಸಿ ಕೃಷಿಗೆ ಉತ್ತೇಜನ ನೀಡಿದ 'ಊಟ ಫ್ರಮ್ ಯುವರ್ ತೋಟ' ಮೇಳಗಳು 2011ರಿಂದ ದಕ್ಷಿಣ ಬೆಂಗಳೂರಿನವರಿಗೆ ಪರಿಚಿತ. ಇಲ್ಲಿ ಮಣ್ಣಿನ ಗುಣದಷ್ಟೇ ಮುಖ್ಯವಾದದ್ದು ಅದರ ತೂಕ. ನೆನೆದ ಮಣ್ಣು ಘನ ಮೀಟರಿಗೆ ಸುಮಾರು 1,700 ಕಿಲೋ ತೂಗುತ್ತದೆ. ಒಂದಡಿ ಆಳದ ಮಡಿಯನ್ನು ತಾರಸಿಯ ಮೇಲೆ ಕಟ್ಟಿದರೆ ಚದರ ಮೀಟರಿಗೆ 500 ಕಿಲೋ ಭಾರ. ಭಾರತೀಯ ಮಾನಕದ ಪ್ರಕಾರ ಓಡಾಡಲು ಬಳಸುವ ತಾರಸಿಯ ವಿನ್ಯಾಸದಲ್ಲಿ ಲೆಕ್ಕ ಹಿಡಿಯುವ ಚಲಭಾರ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಹಾಗಾಗಿ ಎಂಜಿನಿಯರರನ್ನು ಕೇಳದೆ ತಾರಸಿಯ ಮೇಲೆ ಮಣ್ಣಿನ ಮಡಿ ಕಟ್ಟಬಾರದು.

ಇದಕ್ಕೆ ಬದಲಾಗಿ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿಯ ಹಗುರ ಮಿಶ್ರಣವನ್ನು ಚೀಲಗಳಲ್ಲಿ ತುಂಬಿ, ತೊಲೆ ಮತ್ತು ಗೋಡೆಗಳ ನೇರಕ್ಕೆ ಅಂತರ ಬಿಟ್ಟು ಇಡುವುದು ಸುರಕ್ಷಿತ. ಎಲೆಕೋಸು, ಹೂಕೋಸಿಗೆ ಒಂದು ಗಿಡಕ್ಕೆ 12 ಅಂಗುಲದ ಚೀಲ ಬೇಕು. ನವಿಲುಕೋಸಿಗೆ 8 ಅಂಗುಲ ಸಾಕು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ಚೀಲದ ಮಣ್ಣನ್ನು ಪ್ರತಿ ಬೆಳೆಯ ನಂತರ ಹೊರಹಾಕಿ, ಬಿಸಿಲಿಗೆ ಹರಡಿ, ಕಾಲು ಭಾಗ ಹೊಸ ಗೊಬ್ಬರ ಸೇರಿಸಿ ಮತ್ತೆ ತುಂಬಬೇಕು.

ಒಂದೇ ಜಾಗದಲ್ಲಿ ಮತ್ತೆ ಬೇಡ

ಎಷ್ಟೇ ಚೆನ್ನಾಗಿ ಸಿದ್ಧಪಡಿಸಿದ ಮಡಿಯಾದರೂ ಸತತವಾಗಿ ಕೋಸನ್ನೇ ಬೆಳೆದರೆ ಕಪ್ಪು ಕೊಳೆ ರೋಗದಂಥವು ನೆಲೆಯೂರುತ್ತವೆ. ಎಲೆಯ ಅಂಚಿನಿಂದ ಒಳಕ್ಕೆ ಹಳದಿ ತ್ರಿಕೋನ ಮೂಡಿ ನರಗಳು ಕಪ್ಪಾಗುವುದು ಇದರ ಗುರುತು. ಬೇರು ಗಂಟುಗಂಟಾಗಿ ಊದಿಕೊಳ್ಳುವ ಕ್ಲಬ್ ರೂಟ್ ರೋಗ ನೀಲಗಿರಿಯಲ್ಲಿ ದಾಖಲಾಗಿದೆ. ಅದರ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಬೇರಿಗೆ ಹೊಲದ ಮಣ್ಣು ಅಂಟಿದ ಸಸಿಗಳನ್ನು ಹೊರಗಿನಿಂದ ತರುವ ಬದಲು ಟ್ರೇಯಲ್ಲಿ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಗಳನ್ನು ಆರಿಸಬೇಕು.

ಕೋಸಿನ ನಂತರ ಆ ಮಡಿಯಲ್ಲಿ ಹುರುಳಿಕಾಯಿ, ಮೆಂತ್ಯ, ಕೊತ್ತಂಬರಿ, ಬೆಂಡೆ ಬೆಳೆದು, ಎರಡು ಮೂರು ವರ್ಷಗಳ ಬಳಿಕ ಮತ್ತೆ ಕೋಸಿಗೆ ಮರಳುವುದು ಆದರ್ಶ. ಎಲೆಕೋಸು ಕಿತ್ತು ಮೂಲಂಗಿ ಬಿತ್ತಿದರೆ ಬೆಳೆ ಬದಲಿಸಿದಂತಾಗದು. ಎರಡೂ ಒಂದೇ ಕುಟುಂಬ. ಸಾಸಿವೆಯನ್ನು ಮಾತ್ರ ಉಪಾಯವಾಗಿ ಬಳಸಬಹುದು. ಎಲೆಕೋಸನ್ನು ಕಾಡುವ ವಜ್ರಬೆನ್ನಿನ ಪತಂಗ ಸಾಸಿವೆಗೆ ಹೆಚ್ಚು ಆಕರ್ಷಿತವಾಗುತ್ತದೆ ಎಂಬುದನ್ನು ಹೆಸರಘಟ್ಟದ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಎಂಬ ಅವರ ಪದ್ಧತಿಯನ್ನು ಹಿತ್ತಲಿನಲ್ಲಿ ಅನುಸರಿಸುವವರು ಮಡಿಯ ಎರಡು ಅಂಚಿಗೆ ಸಾಸಿವೆ ಚೆಲ್ಲಿ, ಹುಳು ಮುತ್ತಿದ ಗಿಡಗಳನ್ನು ಕಿತ್ತು ನಾಶಪಡಿಸಬೇಕು. ಈ ಸಾಸಿವೆಯನ್ನು ಕೋಸು ನೆಡುವುದಕ್ಕೆ ಎರಡು ವಾರ ಮೊದಲೇ ಬಿತ್ತಿರಬೇಕು.

ಆರು ವಾರಗಳ ಕಾರ್ಯಕ್ರಮ

ಅಕ್ಟೋಬರ್ ಕೊನೆಯಲ್ಲಿ ನೆಡುವುದಾದರೆ ಸೆಪ್ಟೆಂಬರ್ ಮಧ್ಯದಲ್ಲಿ ಕೆಲಸ ಆರಂಭವಾಗಬೇಕು. ಮಣ್ಣು ಪರೀಕ್ಷೆಯ ವರದಿ ಅದಕ್ಕೂ ಮುನ್ನ, ಆಗಸ್ಟ್‌ನಲ್ಲೇ ಕೈಸೇರುವಂತೆ ನೋಡಿಕೊಳ್ಳಬೇಕು.

ಮೊದಲ ವಾರ: ಕಳೆ, ಕಟ್ಟಡದ ಚೂರು ತೆಗೆದು ಒಂದಡಿ ಆಳಕ್ಕೆ ಅಗೆಯುವುದು. ವರದಿ ಹೇಳಿದ್ದರೆ ಮಾತ್ರ ಸುಣ್ಣ ಬೆರೆಸುವುದು.

ಎರಡನೇ ವಾರ: ಟ್ರೇಗಳಲ್ಲಿ ಬೀಜ ಬಿತ್ತುವುದು. ಸಸಿ 25ರಿಂದ 30 ದಿನದ್ದಾಗಿರುವಾಗ ನೆಡಬೇಕು. ಬಲಿತ ಸಸಿ ನೆಟ್ಟರೆ ಹೂಕೋಸು ಗುಂಡಿಯಷ್ಟಕ್ಕೇ ನಿಲ್ಲುತ್ತದೆ.

ಮೂರನೇ ವಾರ: ಗೊಬ್ಬರ, ಹಿಂಡಿ ಹಾಕಿ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಬೆರೆಸುವುದು.

ನಾಲ್ಕು ಮತ್ತು ಐದನೇ ವಾರ: ಮಡಿಯನ್ನು ತೇವವಾಗಿಟ್ಟು, ಮೊಳೆತ ಕಳೆಯನ್ನು ಕೀಳುವುದು. ಅಂಚಿಗೆ ಸಾಸಿವೆ ಬಿತ್ತುವುದು.

ಆರನೇ ವಾರ: ಮಡಿಯನ್ನು ಸಮಮಾಡಿ, ತೇವ ಹದವಾಗಿದ್ದಾಗ ಹಲಗೆ ಇಟ್ಟು ಹಗುರವಾಗಿ ತುಳಿದು ಬಿಗಿಗೊಳಿಸುವುದು. ಎಲೆಕೋಸು, ಹೂಕೋಸಿಗೆ ಒಂದೂವರೆ ಅಡಿ, ನವಿಲುಕೋಸಿಗೆ ಮುಕ್ಕಾಲು ಅಡಿ ಅಂತರದಲ್ಲಿ ಸಂಜೆ ಹೊತ್ತು ನೆಟ್ಟು, ನೀರುಣಿಸಿ ಹೊದಿಕೆ ಹಾಸುವುದು.

ಈ ಆರು ವಾರಗಳಲ್ಲಿ ಹೆಚ್ಚು ಖರ್ಚಿನ ಕೆಲಸ ಯಾವುದೂ ಇಲ್ಲ. ಬೇಕಾಗಿರುವುದು ಗುದ್ದಲಿ, ಅಡುಗೆಮನೆಯ ಕಸ, ಬೀದಿಯ ಎಲೆ ಮತ್ತು ಸ್ವಲ್ಪ ತಾಳ್ಮೆ. ಅಂಗಡಿಯಿಂದ ಸುಣ್ಣದ ಚೀಲ ತರುವ ಮೊದಲು ಎರಡು ಚಮಚ ಮಣ್ಣಿಗೆ ವಿನಿಗರ್ ಹಾಕಿ ನೋಡಿದರೆ ಒಂದು ಹಂಗಾಮಿನ ಶ್ರಮ ವ್ಯರ್ಥವಾಗುವುದು ತಪ್ಪಬಹುದು.